ದಾನಕ್ಕೆ ಸಂದ ಪುರಾಣ: ಕವಿಚಕ್ರವರ್ತಿ ರನ್ನ

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಶ್ರಾವಕನು ನೀಡಬೇಕಾದ ದಾನಗಳನ್ನು ಜೈನಾಚಾರ್ಯರು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಹಸಿದವನಿಗೆ ಅನ್ನ, ಅಂಜಿದವನಿಗೆ ಆಸರೆ, ರೋಗಿಗೆ ಮದ್ದು, ಅರಿವನ್ನು ಅರಸುವವನಿಗೆ ಶಾಸ್ತ್ರ. ಮೊದಲಿನ ಮೂರು ದಾನಗಳ ಫಲ ಕಣ್ಣಿಗೆ ಕಾಣುತ್ತದೆ. ಉಂಡವನ ಮುಖ ಅರಳುತ್ತದೆ, ಅಂಜಿದವನ ಎದೆ ನಿರಾಳವಾಗುತ್ತದೆ, ರೋಗಿ ಎದ್ದು ಕೂರುತ್ತಾನೆ. ನಾಲ್ಕನೆಯ ದಾನದ ಫಲ ಹಾಗಲ್ಲ. ಅದು ಎಂದೋ ಯಾರದೋ ಅಂತರಂಗದಲ್ಲಿ ಫಲಿಸುತ್ತದೆ. ಕೊಟ್ಟವರು ಅದನ್ನು ನೋಡಲು ಬದುಕಿರುವುದೂ ಇಲ್ಲ. ಇದಲ್ಲದೆ, ಶಾಸ್ತ್ರದಾನಕ್ಕೆ ಕೊಡುವವರು ಮತ್ತು ಪಡೆಯುವವರು ಇಬ್ಬರೇ ಸಾಲದು. ಇವರಿಬ್ಬರಿಗೂ ಮೊದಲು ಶಾಸ್ತ್ರವನ್ನು ರಚಿಸುವವನೊಬ್ಬನು ಬೇಕು. ಅವನ ಬಳಿ ಹೊನ್ನಿಲ್ಲ, ಭೂಮಿಯಿಲ್ಲ, ಇರುವುದು ಮಾತೊಂದೇ. ಆ ಮಾತನ್ನು ಅವನು ಯಾರ ಕೈಗೆ ಒಪ್ಪಿಸಬೇಕು? ಯಾವ ಬೆಲೆಗೆ ಒಪ್ಪಿಸಬೇಕು?

ಸಾವಿರ ವರ್ಷಗಳ ಹಿಂದೆ ಕನ್ನಡದ ಮಹಾಕವಿಯೊಬ್ಬನು ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟನು. ಪಂಪ, ಪೊನ್ನರೊಡನೆ ರತ್ನತ್ರಯರೆಂದು ಎಣಿಸಲ್ಪಡುವ ರನ್ನನೇ ಆ ಕವಿ. ಅರಸರ ಪರಾಕ್ರಮಕ್ಕೆ ಕಾವ್ಯವನ್ನು ಕೊಟ್ಟ ಇವನು ತೀರ್ಥಂಕರರ ಪುರಾಣವನ್ನು ಮಾತ್ರ ಕಿರೀಟವಿಲ್ಲದ ಒಬ್ಬ ಗೃಹಿಣಿಗೆ ಒಪ್ಪಿಸಿದನು. ಆಕೆಯ ಹಿರಿಮೆಯೆಂದರೆ ದಾನ.

ಬಳೆಗಾರರ ಮನೆಯ ಮಗ

ರನ್ನನು ಹುಟ್ಟಿದ್ದು 949ರಲ್ಲಿ, ಅಂದಿನ ಮುದುವೊಳಲಿನಲ್ಲಿ. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳವೇ ಆ ಊರು. ಘಟಪ್ರಭೆಯ ನೀರುಂಡ ನಾಡು. ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ. ಮನೆತನದ ವೃತ್ತಿ ಬಳೆಯ ವ್ಯಾಪಾರ. ದೃಢಬಾಹು, ರೇಚಣ, ಮಾರಯ್ಯ ಎಂಬುವರು ಒಡಹುಟ್ಟಿದವರು. ಈ ವಿವರಗಳೆಲ್ಲ ನಮಗೆ ತಿಳಿದಿರುವುದು ಕವಿ ತನ್ನ ಕೃತಿಯಲ್ಲಿ ಅವನ್ನು ಮರೆಮಾಚದೆ ಹೇಳಿಕೊಂಡಿರುವುದರಿಂದ. ಕವಿಚಕ್ರವರ್ತಿಯೆಂಬ ಬಿರುದು ಬಂದ ಮೇಲೂ ಅವನು ತನ್ನ ಕುಲವೃತ್ತಿಯನ್ನು ಹೇಳಲು ಸಂಕೋಚಪಡಲಿಲ್ಲ.

ಬಳೆಗಾರನ ಬದುಕು ಮನೆಯಿಂದ ಮನೆಗೆ, ಊರಿಂದ ಊರಿಗೆ ಸಾಗುವಂಥದು. ಅಂಥ ಮನೆಯಲ್ಲಿ ಹುಟ್ಟಿದ ಬಾಲಕನಿಗೆ ಸಂಸ್ಕೃತ, ಪ್ರಾಕೃತ, ವ್ಯಾಕರಣ, ಆಗಮಗಳ ಅಧ್ಯಯನ ತಾನಾಗಿ ದೊರೆಯುವಂಥದಲ್ಲ. ಮನೆಯಲ್ಲಿ ದೊರೆಯದುದನ್ನು ಅರಸಿಕೊಂಡು ರನ್ನನು ದಕ್ಷಿಣಕ್ಕೆ, ಗಂಗರ ನಾಡಿಗೆ ನಡೆದನು. ಜಿನಧರ್ಮಕ್ಕೆ ಅಂದು ಗಂಗವಾಡಿಯೇ ದೊಡ್ಡ ನೆರಳು. ಅಲ್ಲಿ ಅವನಿಗೆ ಅಜಿತಸೇನಾಚಾರ್ಯರು ಗುರುಗಳಾಗಿ ದೊರೆತರು. ಗಂಗರ ದೊರೆ ಮಾರಸಿಂಹನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹತ್ಯಾಗ ಮಾಡಿದ್ದು ಇದೇ ಆಚಾರ್ಯರ ಸನ್ನಿಧಿಯಲ್ಲಿ. ದೊರೆಗೆ ಸಮಾಧಿಮರಣದ ದಾರಿಯನ್ನು ತೋರಿದ ಗುರುಗಳೇ ಬಳೆಗಾರನ ಮಗನಿಗೆ ವಿದ್ಯೆಯ ದಾರಿಯನ್ನೂ ತೋರಿದರು. ಜ್ಞಾನದಾನಕ್ಕೆ ಕುಲದ ಹಂಗಿಲ್ಲವೆಂಬುದನ್ನು ರನ್ನನು ಮೊದಲು ತಿಳಿದದ್ದು ಪಡೆದವನಾಗಿ, ಕೊಡುವವನಾದದ್ದು ಆಮೇಲೆ.

ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನ ಆಶ್ರಯವೂ ಅವನಿಗೆ ಒದಗಿತು. ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ 58 ಅಡಿ ಎತ್ತರದ ಬಾಹುಬಲಿಯನ್ನು ನಿಲ್ಲಿಸಿದ ಪುಣ್ಯಪುರುಷನು ಅವನು. ಸ್ವತಃ ಲೇಖಕನೂ ಹೌದು. 978ರ ಚಾವುಂಡರಾಯ ಪುರಾಣ ಕನ್ನಡದ ಹಳೆಯ ಗದ್ಯಕೃತಿಗಳಲ್ಲಿ ಒಂದು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದ್ದೂ ಅವನಿಗಾಗಿಯೇ. ದೊಡ್ಡಬೆಟ್ಟದ ಮೇಲಿನ ತ್ಯಾಗದ ಕಂಬದ ಬಳಿ ಅವನು ದಾನಗಳನ್ನು ಹಂಚುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಇಂಥವನ ನೆರಳಿನಲ್ಲಿ ಯುವಕ ರನ್ನನು ಬೆಳೆದನು. ಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಇಂದಿಗೂ ಕವಿರತ್ನನೆಂಬ ಹೆಸರಿನ ಬರಹವಿದೆ. ಅದು ರನ್ನನದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಚಂದ್ರಗುಪ್ತ ಮೌರ್ಯನು ದೇಹವನ್ನು ತೊರೆದನೆಂದು ನಂಬಿರುವ ಆ ಬೆಟ್ಟದಲ್ಲಿ, ಸಲ್ಲೇಖನವನ್ನು ಸಾಧಿಸಿದ ನೂರಾರು ಮುನಿಗಳ ಹೆಸರುಗಳ ನಡುವೆ, ಒಬ್ಬ ಕವಿಯ ಹೆಸರೂ ಕಲ್ಲಿನಲ್ಲಿ ಉಳಿದಿದೆ.

ಅರಸರು ತೆತ್ತ ಬೆಲೆ

ಆ ಕಾಲದಲ್ಲಿ ಕನ್ನಡ ನಾಡಿನ ರಾಜಕೀಯವೇ ಬದಲಾಯಿತು. 973ರಲ್ಲಿ ತೈಲಪನು ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಸ್ಥಾಪಿಸಿದನು. ರನ್ನನು ತನ್ನ ಹುಟ್ಟುನಾಡಿನ ಕಡೆಗೆ ಮರಳಿ ಈ ಹೊಸ ಅರಸರ ಆಸ್ಥಾನವನ್ನು ಸೇರಿದನು. ತೈಲಪನು ಅವನಿಗೆ ಕವಿಚಕ್ರವರ್ತಿಯೆಂಬ ಬಿರುದನ್ನಿತ್ತು ಗೌರವಿಸಿದನು. ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಹೋಲಿಸಿ ರನ್ನನು ಸಾಹಸಭೀಮವಿಜಯವನ್ನು ರಚಿಸಿದನು. ಗದಾಯುದ್ಧವೆಂಬ ಹೆಸರಿನಿಂದ ಕನ್ನಡಿಗರ ನಾಲಗೆಯ ಮೇಲೆ ನೆಲೆಸಿರುವ ಕಾವ್ಯವದು.

ಅಂದಿನ ಕವಿಗಳ ಬಾಳು ಸಾಗುತ್ತಿದ್ದ ರೀತಿಯೇ ಇದು. ಅರಸನು ಬಿರುದು, ಭೂಮಿ, ಆಭರಣಗಳನ್ನು ಕೊಡುವನು. ಕವಿಯು ಅರಸನ ಹೆಸರನ್ನು ಕಾವ್ಯದಲ್ಲಿ ಚಿರಸ್ಥಾಯಿಗೊಳಿಸುವನು. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನಿಗೆ ಧರ್ಮವುರವೆಂಬ ಅಗ್ರಹಾರ ಉಡುಗೊರೆಯಾಗಿ ಸಂದಿತು. ಅದು ಪಂಪನಿಗಾಗಲಿ ಅರಿಕೇಸರಿಗಾಗಲಿ ಕುಂದು ತರುವ ಮಾತಲ್ಲ. ಕವಿಗೂ ಸಂಸಾರವಿದೆ, ಹಸಿವಿದೆ. ರನ್ನನಿಗೂ ಜಕ್ಕಿ, ಶಾಂತಿ ಎಂಬ ಇಬ್ಬರು ಪತ್ನಿಯರೂ ಮಕ್ಕಳೂ ಇದ್ದರು. ತನ್ನ ಕಾವ್ಯದ ಯೋಗ್ಯತೆಯನ್ನು ಕುರಿತು ಅವನಿಗೆ ಇದ್ದ ಹೆಮ್ಮೆಯಂತೂ ಸಾಹಿತ್ಯಪ್ರಿಯರಿಗೆಲ್ಲ ತಿಳಿದುದೇ. ತನ್ನ ಕೃತಿಯ ಬೆಲೆಯನ್ನು ಅರಿಯದ ಮುಗ್ಧನಲ್ಲ ಅವನು.

ಆದರೆ ಕೊಡುಕೊಳೆಯ ಈ ವ್ಯವಹಾರದಲ್ಲಿ ಎರಡು ಕೈಗಳು ಮಾತ್ರ ಇರುತ್ತವೆ. ಅರಸನು ಕೊಟ್ಟದ್ದು ಕವಿಯ ಮನೆಯಲ್ಲಿ ನಿಲ್ಲುತ್ತದೆ. ಕವಿಯು ಕೊಟ್ಟದ್ದು ಅರಸನ ಕೀರ್ತಿಯಲ್ಲಿ ನಿಲ್ಲುತ್ತದೆ. ಮೂರನೆಯವನಿಗೆ, ಸಭೆಯ ಹೊರಗೆ ನಿಂತಿರುವ ಹಸಿದವನಿಗೂ ಅಜ್ಞಾನಿಗೂ, ಅದರಿಂದ ಸಲ್ಲುವುದು ಅಲ್ಪ. ಈ ವರ್ತುಲದ ಹೊರಗೆ ಹೆಜ್ಜೆಯಿಡುವ ಸಂದರ್ಭ ರನ್ನನಿಗೆ ಒದಗಿದ್ದು ಅತ್ತಿಮಬ್ಬೆಯಿಂದ.

ದಾನಚಿಂತಾಮಣಿ

ಅತ್ತಿಮಬ್ಬೆ ಹುಟ್ಟಿದ ಮನೆಯೇ ಶಾಸ್ತ್ರಪ್ರೇಮಿಗಳ ಮನೆ. ಆಕೆಯ ತಂದೆ ಮಲ್ಲಪಯ್ಯ ಮತ್ತು ಚಿಕ್ಕಪ್ಪ ಪುನ್ನಮಯ್ಯ ತಮ್ಮ ಗುರುಗಳಾದ ಜಿನಚಂದ್ರದೇವರ ನೆನಪಿಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಗುರುಗಳು ಅಗಲಿದಾಗ ಗೋರಿಯನ್ನಾಗಲಿ ಮಂಟಪವನ್ನಾಗಲಿ ಕಟ್ಟಿಸುವುದಕ್ಕಿಂತ ಹದಿನಾರನೆಯ ತೀರ್ಥಂಕರರ ಚರಿತ್ರೆಯನ್ನು ಬರೆಯಿಸುವುದೇ ತಕ್ಕ ಸ್ಮಾರಕವೆಂದು ಆ ಸಹೋದರರಿಗೆ ತೋರಿತು. ಹೀಗೆ ಕಾವ್ಯವೊಂದು ಗುರುಭಕ್ತಿಯ ಫಲವಾಗಿ ಹುಟ್ಟುವುದನ್ನು ಅತ್ತಿಮಬ್ಬೆ ತವರಿನಲ್ಲಿಯೇ ಕಂಡಿದ್ದಳು.

ತೈಲಪನ ಮಂತ್ರಿಯಾಗಿದ್ದ ದಲ್ಲಪನ ಮಗ ನಾಗದೇವನಿಗೆ ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಕೊಟ್ಟು ವಿವಾಹವಾಯಿತು. ನಾಗದೇವನು ಚಾಲುಕ್ಯರ ಸೇನೆಯ ವೀರನು. ಅವನು ಯುದ್ಧದಲ್ಲಿ ಮಡಿದಾಗ ಗುಂಡಮಬ್ಬೆ ಆ ಕಾಲದ ರೂಢಿಯಂತೆ ಸಹಗಮನ ಮಾಡಿದಳು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನಿದ್ದನು. ಆಕೆ ಉಳಿದಳು. ಗಂಡನನ್ನೂ ಬೆನ್ನಿಗೆ ಬಿದ್ದ ತಂಗಿಯನ್ನೂ ಒಂದೇ ಸಲಕ್ಕೆ ಕಳೆದುಕೊಂಡ ಆ ಹೆಣ್ಣುಮಗಳ ದುಃಖ ಎಂಥದೆಂಬುದನ್ನು ಊಹಿಸಬಹುದು. ಬೆಂಕಿಯಲ್ಲಿ ಬೀಳುವುದನ್ನು ಆಚಾರ್ಯ ಸಮಂತಭದ್ರರು ಲೋಕಮೂಢತೆಗಳಲ್ಲಿ ಎಣಿಸಿದ್ದಾರೆ. ಜಿನಮಾರ್ಗದಲ್ಲಿ ದುಃಖವನ್ನು ದಹಿಸಬೇಕಾದುದು ತಪಸ್ಸಿನಿಂದ, ವ್ರತದಿಂದ, ತ್ಯಾಗದಿಂದ. ಅತ್ತಿಮಬ್ಬೆ ಆ ಮಾರ್ಗವನ್ನೇ ಹಿಡಿದಳು. ಮಗನನ್ನು ಬೆಳೆಸಿದಳು; ಅವನೂ ಚಾಲುಕ್ಯರ ಸೇನೆಯಲ್ಲಿ ಉನ್ನತ ಪದವಿಗೇರಿದನು. ತಾನು ಮನೆಯಲ್ಲಿದ್ದೂ ವ್ರತಗಳಿಂದ ದೇಹವನ್ನು ದಂಡಿಸಿದಳು. ಗೊಮ್ಮಟೇಶ್ವರನ ದರ್ಶನವಾಗುವವರೆಗೆ ಅನ್ನ ಮುಟ್ಟೆನೆಂದು ನಿಶ್ಚಯಿಸಿ ಬೆಳಗೊಳಕ್ಕೆ ನಡೆದಾಗ, ಬೆಟ್ಟದ ಬಿಸಿಲಿನಲ್ಲಿ ಬಳಲಿದ ಆಕೆಗಾಗಿ ಅಕಾಲದಲ್ಲಿ ಮಳೆ ಸುರಿಯಿತೆಂಬ ಕಥೆಯನ್ನು ಜನ ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ.

ಆಕೆಯ ಕೈಯಿಂದ ಹರಿದ ದಾನದ ಪ್ರಮಾಣ ಬೆರಗು ಹುಟ್ಟಿಸುವಂಥದು. ಹೊನ್ನು ರತ್ನಗಳಿಂದ 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ತನ್ನ ಸ್ವಂತ ವೆಚ್ಚದಲ್ಲಿ ಬರೆಯಿಸಿ ಹಂಚಿದಳು. ಜನರು ಆಕೆಯನ್ನು ದಾನಚಿಂತಾಮಣಿಯೆಂದು ಕರೆದರು. ಬೇಡಿದುದನ್ನು ಕೊಡುವ ರತ್ನವೇ ಚಿಂತಾಮಣಿ.

ಸಾವಿರ ಪ್ರತಿಗಳೆಂದರೆ ಇಂದು ಅಚ್ಚುಕೂಟದಲ್ಲಿ ಒಂದೆರಡು ದಿನಗಳ ಕೆಲಸ. ಅಂದು ಅದು ಹಾಗಿರಲಿಲ್ಲ. ತಾಳೆಯ ಗರಿಗಳನ್ನು ಆಯ್ದು, ಹದಗೊಳಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ಲಿಪಿಕಾರನು ಎಡಗೈಯಲ್ಲಿ ಗರಿಯನ್ನು ಹಿಡಿದು, ಬಲಗೈಯ ಕಂಠದ ಮೊನೆಯಿಂದ, ಗರಿ ಹರಿಯದಂತೆ ಅಕ್ಷರ ಅಕ್ಷರವನ್ನೂ ಕೊರೆಯಬೇಕು. ಬಳಿಕ ಮಸಿಯನ್ನು ತೊಡೆದು ಅಕ್ಷರಗಳನ್ನು ಕಾಣಿಸಬೇಕು. ಗರಿಗಳಲ್ಲಿ ರಂಧ್ರ ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು ಕಟ್ಟಬೇಕು. ಒಂದು ಪುರಾಣದ ಒಂದು ಪ್ರತಿಗೇ ಇಷ್ಟು ಶ್ರಮ. ಅದನ್ನು ಸಾವಿರ ಸಲ ಮಾಡಿಸಬೇಕಾದರೆ ಎಷ್ಟು ಮಂದಿ ಲಿಪಿಕಾರರು, ಎಷ್ಟು ಕಾಲ ಉಣ್ಣಬೇಕು, ಉಡಬೇಕು! ಶಾಸ್ತ್ರದಾನವು ಬರೆದ ಅಷ್ಟೂ ಕೈಗಳಿಗೆ ಅನ್ನದಾನವೂ ಆಗಿತ್ತು.

ಇಲ್ಲಿ ಮತ್ತೊಂದು ಅಂಶವನ್ನು ಗಮನಿಸಬೇಕು. ಬಿಂಬವನ್ನು ಕೊಟ್ಟರೆ ದರ್ಶನವಾಯಿತು. ಶಾಸ್ತ್ರವನ್ನು ಕೊಟ್ಟರೆ ಜ್ಞಾನಕ್ಕೆ ದಾರಿಯಾಯಿತು. ದರ್ಶನ, ಜ್ಞಾನ, ಚಾರಿತ್ರಗಳು ಕೂಡಿದರೆ ಮೋಕ್ಷಮಾರ್ಗ. ಮೂರನೆಯದನ್ನು ಯಾರೂ ಯಾರಿಗೂ ಕೊಡಲಾಗದು; ಅದನ್ನು ಅವರವರೇ ಆಚರಿಸಬೇಕು. ಕೊಡಬಹುದಾದ ಎರಡನ್ನೂ ಅತ್ತಿಮಬ್ಬೆ ಕೊಟ್ಟಳು. ಕೊಡಲಾಗದ ಮೂರನೆಯದನ್ನು ತಾನೇ ಬದುಕಿ ತೋರಿದಳು.

ಅಜಿತಪುರಾಣದ ಅರ್ಪಣೆ

ಅತ್ತಿಮಬ್ಬೆಯ ಪ್ರೇರಣೆಯಿಂದ ರನ್ನನು ಎರಡನೆಯ ತೀರ್ಥಂಕರರಾದ ಭಗವಾನ್ ಅಜಿತನಾಥರ ಪುರಾಣವನ್ನು ರಚಿಸಿ 993ರಲ್ಲಿ ಪೂರ್ಣಗೊಳಿಸಿದನು. ಹನ್ನೆರಡು ಆಶ್ವಾಸಗಳ ಚಂಪೂಕೃತಿಯಿದು. ಅರಸನ ವಂಶವನ್ನು ವರ್ಣಿಸಬೇಕಾದ ಕಾವ್ಯಾರಂಭದಲ್ಲಿ ಅವನು ಅತ್ತಿಮಬ್ಬೆಯ ತವರನ್ನೂ ಅತ್ತೆಮನೆಯನ್ನೂ ವರ್ಣಿಸಿದನು. ಶತ್ರುಗಳನ್ನು ಗೆದ್ದ ಬಾಹುಬಲವನ್ನು ಹೊಗಳಬೇಕಾದ ಸ್ಥಾನದಲ್ಲಿ ಕೊಟ್ಟ ಕೈಯನ್ನು ಹೊಗಳಿದನು. ಆಕೆಯ ಶೀಲದ ಪಾವಿತ್ರ್ಯವನ್ನು ಹೇಳಲು ಜೈನರ ಮಹಾತೀರ್ಥವಾದ ಕೊಪಣದ ಬೆಟ್ಟವನ್ನೇ ಹೋಲಿಕೆಗೆ ತಂದನು.

ಅಜಿತನಾಥರ ಚರಿತ್ರೆಯೇ ತ್ಯಾಗದ ಚರಿತ್ರೆ. ಹಿಂದಿನ ಭವದಲ್ಲಿ ಅವರು ವಿಮಲವಾಹನನೆಂಬ ಅರಸರಾಗಿದ್ದು, ರಾಜ್ಯಭೋಗದ ನಡುವೆಯೇ ವಿರಕ್ತರಾಗಿ ತಪಸ್ಸಿಗೆ ತೆರಳಿದವರು. ಇತರ ತೀರ್ಥಂಕರರ ಪುರಾಣಗಳಲ್ಲಿ ಬರುವ ಹಲವು ಭವಗಳ ಜಟಿಲವಾದ ಕಥೆ ಇಲ್ಲಿಲ್ಲ. ಕಥೆಯ ವಿಸ್ತಾರ ಕಡಿಮೆಯಾದುದರಿಂದ ಕವಿಗೆ ವೈರಾಗ್ಯದ ಒಳಗನ್ನು ತೆರೆದು ತೋರಲು ಅವಕಾಶ ಹೆಚ್ಚಾಯಿತು. ಇದರೊಡನೆಯೇ ಬರುವುದು ಎರಡನೆಯ ಚಕ್ರವರ್ತಿ ಸಗರನ ಕಥೆ. ಅರವತ್ತು ಸಾವಿರ ಮಕ್ಕಳ ತಂದೆಯವನು. ಸತ್ತ ಮಗನನ್ನು ಹೊತ್ತು ತಂದು ಬದುಕಿಸಿಕೊಡೆಂದು ಬೇಡಿದ ವೃದ್ಧನಿಗೆ, ಮರಣವನ್ನು ಮೀರಿದವರಿಲ್ಲವೆಂದು ಬೋಧಿಸಿದ ಸಗರನು, ಮರುಗಳಿಗೆಯಲ್ಲಿ ತನ್ನ ಮಕ್ಕಳೆಲ್ಲರೂ ಅಳಿದ ಸುದ್ದಿಯನ್ನು ಕೇಳಬೇಕಾಗುತ್ತದೆ. ಪರರಿಗೆ ಹೇಳಿದ ಬೋಧೆಯನ್ನು ತಾನೇ ಅನುಭವಿಸಬೇಕಾದ ಆ ಕ್ಷಣದಲ್ಲಿ ಅವನಿಗೆ ವೈರಾಗ್ಯ ಮೂಡುತ್ತದೆ. ಭಗೀರಥನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆಗೆ ತೆರಳುತ್ತಾನೆ. ಗಂಡನನ್ನೂ ತಂಗಿಯನ್ನೂ ಕಳೆದುಕೊಂಡು ವ್ರತಮಾರ್ಗದಲ್ಲಿ ನಡೆದಿದ್ದ ಅತ್ತಿಮಬ್ಬೆಗೆ ಇದಕ್ಕಿಂತ ತಕ್ಕ ಕಥೆ ಮತ್ತಾವುದಿದ್ದೀತು?

ಈ ಕೃತಿಗೆ ಅತ್ತಿಮಬ್ಬೆ ತೆತ್ತ ಬೆಲೆ ಏನು? ಕವಿಗೆ ಆಕೆಯ ಪೋಷಣೆ ದೊರೆತಿದ್ದುದರಲ್ಲಿ ಸಂಶಯವಿಲ್ಲ. ಆದರೆ ಪುರಾಣದ ಆದಿಯಲ್ಲಿ ಕವಿ ಎತ್ತಿ ಹಿಡಿದುದು ಆಕೆಯ ಶೀಲವನ್ನೂ ಧರ್ಮಕಾರ್ಯಗಳನ್ನೂ. ಬಿಂಬಗಳು ಬಸದಿಗಳಿಗೆ ಸಂದವು. ಶಾಂತಿಪುರಾಣದ ಪ್ರತಿಗಳು ಓದುವವರಿಗೆ ಸಂದವು. ಅವುಗಳಲ್ಲಿ ಹಲವು ರನ್ನನು ಕಾಣದ ಊರುಗಳನ್ನೂ ಅರಿಯದ ಜನರನ್ನೂ ಸೇರಿರಬೇಕು. ಪರರಿಗೆ ಸಂದ ದಾನವನ್ನು ಅವನು ತನಗೇ ಸಂದ ಸಂಭಾವನೆಯೆಂದು ಭಾವಿಸಿ ಅದಕ್ಕೆ ಪ್ರತಿಯಾಗಿ ಪುರಾಣವನ್ನು ಕೊಟ್ಟನು. ಇನ್ನೂ ವಿಶೇಷವೆಂದರೆ, ಆಕೆ ಸಾವಿರ ಪ್ರತಿಗಳನ್ನು ಮಾಡಿಸಿದ ಪುರಾಣ ರನ್ನನದಲ್ಲ, ಪೊನ್ನನದು. ತನ್ನ ಕವಿತೆಯ ಬಗ್ಗೆ ಅಷ್ಟೊಂದು ಹೆಮ್ಮೆಯಿದ್ದ ಕವಿ, ಇನ್ನೊಬ್ಬ ಕವಿಯ ಕೃತಿಯನ್ನು ಹರಡಿದವಳನ್ನು ಮನದುಂಬಿ ಕೊಂಡಾಡಿದನು. ಶಾಸ್ತ್ರ ಯಾರದಾದರೇನು, ಹರಡಿದುದು ಜಿನವಾಣಿಯಲ್ಲವೇ!

ಹೊಗಳಿಕೆಯೂ ಅನುಮೋದನೆಯೂ

ಇಲ್ಲಿ ಶ್ರಾವಕರ ಮನಸ್ಸಿನಲ್ಲಿ ಒಂದು ಸಂದೇಹ ಏಳುವುದು ಸಹಜ. ದಾನ ಮಾಡುವವನು ಐಹಿಕ ಫಲವನ್ನು ಬಯಸಬಾರದೆಂಬುದು ಶಾಸ್ತ್ರದ ಮಾತು. ದಾತೃವಿನ ಏಳು ಗುಣಗಳನ್ನು ಆಚಾರ್ಯ ಅಮೃತಚಂದ್ರರು ಎಣಿಸಿದ್ದಾರೆ: ಈ ಲೋಕದ ಫಲವನ್ನು ಅಪೇಕ್ಷಿಸದಿರುವುದು, ಕ್ಷಮೆ, ನಿಷ್ಕಪಟತೆ, ಅಸೂಯೆಯಿಲ್ಲದಿರುವುದು, ಖೇದವಿಲ್ಲದಿರುವುದು, ಸಂತೋಷ ಮತ್ತು ನಿರಹಂಕಾರ. ಹೀಗಿರುವಾಗ ದಾನಕ್ಕೆ ಪ್ರತಿಯಾಗಿ ಕಾವ್ಯದಲ್ಲಿ ಕೀರ್ತಿ ದೊರೆತರೆ ಆ ದಾನ ಕಳಂಕಿತವಾಗುವುದಿಲ್ಲವೇ? ಕವಿಯು ದಾನಿಯನ್ನು ಹೊಗಳುವುದು ದಾನಿಗೇ ಕೆಡುಕನ್ನು ಮಾಡಿದಂತಾಗುವುದಿಲ್ಲವೇ?

ಇದು ಕೂದಲು ಸೀಳುವ ಪ್ರಶ್ನೆಯಲ್ಲ. ಫಲಕದಲ್ಲಿ ಹೆಸರು ಕೆತ್ತಿಸುವುದಕ್ಕಾಗಿಯೇ ದಾನ ನಡೆಯುವ ಕಾಲದಲ್ಲಿ ಇದು ಪ್ರತಿಯೊಬ್ಬ ಗೃಹಸ್ಥನೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಇದಕ್ಕೆ ಸಮಾಧಾನ ಅನುಮೋದನೆಯೆಂಬ ತತ್ತ್ವದಲ್ಲಿದೆ. ಪುಣ್ಯವಾಗಲಿ ಪಾಪವಾಗಲಿ ಮೂರು ಬಾಗಿಲುಗಳಿಂದ ಬರುತ್ತದೆ: ಕೃತ, ಕಾರಿತ, ಅನುಮತ. ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದನ್ನು ಕಂಡು ಮನಸಾರೆ ಮೆಚ್ಚುವುದು. ಮೆಚ್ಚಿದವನೂ ಆ ಕಾರ್ಯದಲ್ಲಿ ಭಾಗಿಯೇ.

ಪಂಪನ ಆದಿಪುರಾಣವನ್ನು ಓದಿದವರಿಗೆ ಈ ತತ್ತ್ವದ ನಿದರ್ಶನ ನೆನಪಿರುತ್ತದೆ. ವಜ್ರಜಂಘನೂ ಶ್ರೀಮತಿಯೂ ಅರಣ್ಯಮಾರ್ಗದಲ್ಲಿ ಚಾರಣಮುನಿಗಳಿಗೆ ಆಹಾರದಾನವನ್ನು ಮಾಡುತ್ತಿರುವಾಗ, ಹುಲಿ, ಹಂದಿ, ಕೋತಿ, ಮುಂಗುಸಿ ಈ ನಾಲ್ಕು ಪ್ರಾಣಿಗಳು ದೂರದಲ್ಲಿ ನಿಂತು ಅದನ್ನು ನೋಡಿದವು. ಕೊಡಲು ಅವುಗಳ ಬಳಿ ಏನೂ ಇರಲಿಲ್ಲ, ಕೈಯೂ ಇರಲಿಲ್ಲ. ನೋಡಿ ಮನಸ್ಸಿನಲ್ಲಿ ಮೆಚ್ಚಿದವು, ಅಷ್ಟೇ. ಆ ಅನುಮೋದನೆಯ ಬಲದಿಂದಲೇ ಅವು ಪಶುಜನ್ಮವನ್ನು ಕಳೆದುಕೊಂಡು ಭೋಗಭೂಮಿಯಲ್ಲಿ ಹುಟ್ಟಿದವು. ಮುಂದಿನ ಭವಗಳಲ್ಲಿ ಆ ಜೀವಗಳು ಭಗವಾನ್ ಆದಿನಾಥರ ಮಕ್ಕಳಾಗಿ ಜನಿಸಿದುವೆಂದು ಪುರಾಣ ಹೇಳುತ್ತದೆ.

ರನ್ನನ ಪುರಾಣವೂ ಅಂಥದೊಂದು ಅನುಮೋದನೆ. ಶಾಂತಿಪುರಾಣದ ಪ್ರತಿಯನ್ನು ಬರೆದ ಲಿಪಿಕಾರನದು ಕೃತ, ಬರೆಯಿಸಿದ ಅತ್ತಿಮಬ್ಬೆಯದು ಕಾರಿತ, ಕಂಡು ಮೆಚ್ಚಿ ಹಾಡಿದ ರನ್ನನದು ಅನುಮೋದನೆ. ದಾನಿ ಕೀರ್ತಿಯನ್ನು ಕೇಳಿದರೆ ಅದು ಬೆಲೆ. ಕೇಳದೆ ಕೊಟ್ಟುದನ್ನು ಕಂಡವನು ಕೊಂಡಾಡಿದರೆ ಅದು ಧರ್ಮಪ್ರಭಾವನೆ. ಕೇಳುವ ತಪ್ಪು ದಾನಿಯದು, ಕಂಡೂ ಮೌನವಾಗಿರುವ ತಪ್ಪು ನೋಡಿದವನದು. ಹೊಗಳಿಕೆ ಅತ್ತಿಮಬ್ಬೆಯ ಅಹಂಕಾರವನ್ನು ಬೆಳೆಸಲಿಲ್ಲವೆಂಬುದಕ್ಕೆ ಆಕೆಯ ಮುಂದಿನ ಬಾಳೇ ಸಾಕ್ಷಿ. ಅಜಿತಪುರಾಣ ಪೂರ್ಣಗೊಂಡು ಹದಿನಾಲ್ಕು ವರ್ಷಗಳ ಬಳಿಕ, 1007ರಲ್ಲಿ, ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯ ಶಾಸನವು ಆಕೆಯ ಬಸದಿ ನಿರ್ಮಾಣವನ್ನೂ ಧರ್ಮಕಾರ್ಯಗಳನ್ನೂ ವಿಸ್ತಾರವಾಗಿ ದಾಖಲಿಸಿದೆ. ಹೊಗಳಿಕೆ ಬಂದ ಮೇಲೆ ಕೈ ಮುಚ್ಚುವವರುಂಟು. ಅತ್ತಿಮಬ್ಬೆಯ ಕೈ ಮುಚ್ಚಲಿಲ್ಲ.

ಮನೆಯಲ್ಲಿ ಉಳಿದ ಹೆಸರುಗಳು

ಕಾವ್ಯದಲ್ಲಿ ಹೊಗಳುವುದು ಸುಲಭವೆಂದು ಹೇಳುವವರಿರಬಹುದು. ಆಸ್ಥಾನದಲ್ಲಿದ್ದ ಕವಿಗೆ ಹೊಗಳಿಕೆಯೇ ವೃತ್ತಿಯಲ್ಲವೇ? ಆದರೆ ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಒಂದು, ತನ್ನನ್ನು ಎಳೆಯ ವಯಸ್ಸಿನಲ್ಲಿ ಕೈಹಿಡಿದ ಚಾವುಂಡರಾಯನ ನೆನಪು. ಮತ್ತೊಂದು, ದಾನಚಿಂತಾಮಣಿಯ ನೆನಪು. ಬಿರುದು ಕೊಟ್ಟ ತೈಲಪನ ಹೆಸರಾಗಲಿ, ತನ್ನ ಮಹಾಕಾವ್ಯದ ನಾಯಕನಾದ ಸತ್ಯಾಶ್ರಯನ ಹೆಸರಾಗಲಿ ಆ ಮನೆಯ ಮಕ್ಕಳಿಗೆ ಬರಲಿಲ್ಲ. ಸಭೆಯಲ್ಲಿ ಹೇಳುವ ಮಾತಿಗೂ ಮನೆಯ ಅಂಗಳದಲ್ಲಿ ದಿನವೂ ಕೂಗಿ ಕರೆಯುವ ಹೆಸರಿಗೂ ಅಂತರವಿದೆ. ಮಗಳನ್ನು ಕರೆದಾಗಲೆಲ್ಲ ಕವಿಯ ನಾಲಗೆಯ ಮೇಲೆ ಆ ದಾನಿಯ ಹೆಸರು ಬರುತ್ತಿತ್ತು.

ರನ್ನನು ರಚಿಸಿದ ಪ್ರಮುಖ ಕೃತಿಗಳಲ್ಲಿ ಪರಶುರಾಮಚರಿತ ಮತ್ತು ಚಕ್ರೇಶ್ವರಚರಿತ ಇಂದು ದೊರೆಯುವುದಿಲ್ಲ. ಕವಿಚಕ್ರವರ್ತಿಯ ಕಾವ್ಯವೂ ನಾಶವಾಗಬಲ್ಲದು. ಗರಿ ಗೆದ್ದಲಿಗೆ ತುತ್ತಾಗುತ್ತದೆ, ತೇವಕ್ಕೆ ಕೊಳೆಯುತ್ತದೆ, ಬೆಂಕಿಗೆ ಉರಿಯುತ್ತದೆ. ಹಳೆಯ ಓಲೆಯು ಅಳಿಯುವ ಮುನ್ನ ಹೊಸ ಓಲೆಗೆ ಅದನ್ನು ಇಳಿಸುವ ಒಬ್ಬ ಭಕ್ತನು ಪ್ರತಿ ತಲೆಮಾರಿನಲ್ಲಿಯೂ ಇದ್ದರೆ ಮಾತ್ರ ಕಾವ್ಯ ಉಳಿಯುತ್ತದೆ. ಗದಾಯುದ್ಧವೂ ಅಜಿತಪುರಾಣವೂ ನಮ್ಮವರೆಗೆ ಬಂದಿರುವುದು ಅಂಥ ಹೆಸರಿಲ್ಲದ ಕೈಗಳಿಂದ. ವ್ರತದ ಉದ್ಯಾಪನೆಗಾಗಿ ಶಾಸ್ತ್ರವನ್ನು ಬರೆಯಿಸಿ ಮುನಿಗಳಿಗೋ ಬಸದಿಗೋ ಒಪ್ಪಿಸುವ ಪದ್ಧತಿ ಶ್ರಾವಿಕೆಯರಲ್ಲಿ ಬಹುಕಾಲ ನಡೆದು ಬಂದಿತು. ಮೂಡುಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಶತಮಾನಗಳನ್ನು ದಾಟಿ ಉಳಿದಿರುವುದೂ ಇಂಥ ಶ್ರದ್ಧೆಯ ಫಲವೇ. ಸಾವಿರ ಪ್ರತಿಗಳನ್ನು ಮಾಡಿಸಿದಾಗ ಅತ್ತಿಮಬ್ಬೆ ಮಾಡಿದ ಉಪಕಾರದ ಅಳತೆ ಇಲ್ಲಿ ತಿಳಿಯುತ್ತದೆ. ಸಾವಿರದಲ್ಲಿ ಒಂಬೈನೂರು ಅಳಿದರೂ ಶಾಂತಿಪುರಾಣ ಅಳಿಯುವಂತಿರಲಿಲ್ಲ.

ಇಂದು ಕರ್ನಾಟಕ ಸರ್ಕಾರವು ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯನ್ನು ನೀಡುತ್ತಿದೆ. ಆಕೆ ಕಾವ್ಯವನ್ನು ಬರೆದವಳಲ್ಲ, ಬರೆಯಿಸಿದವಳು, ಹಂಚಿದವಳು. ಆದರೂ ಸಾಹಿತ್ಯದ ಪ್ರಶಸ್ತಿಗೆ ಆಕೆಯ ಹೆಸರೇ ತಕ್ಕುದೆಂದು ನಾಡಿಗೆ ತೋರಿತು.

ಇಂದಿನ ಗೃಹಸ್ಥನಿಗೆ

ರನ್ನನ ಬಾಳು ಶ್ರಾವಕರಿಗೆ ಹೇಳುವ ಪಾಠ ಎರಡು ಕಡೆಗೆ ಚಾಚುತ್ತದೆ. ವಿದ್ಯೆ, ಕಲೆ, ಬರವಣಿಗೆ, ಸಂಗೀತ ಮೊದಲಾದ ಯಾವುದಾದರೂ ಒಂದು ಶಕ್ತಿ ಇರುವವರಿಗೆ ಒಂದು ಪಾಠ. ಜೀವನೋಪಾಯಕ್ಕಾಗಿ ಅದನ್ನು ಬಳಸುವುದು ತಪ್ಪಲ್ಲ; ರನ್ನನೂ ಬಳಸಿದನು. ಆದರೆ ತನ್ನ ಶಕ್ತಿಯಿಂದ ಹುಟ್ಟಿದ ಒಂದು ಕೃತಿಗಾದರೂ ಹಣದ ಬದಲು ದಾನವನ್ನೇ ಬೆಲೆಯಾಗಿ ಸ್ವೀಕರಿಸಬಹುದು. ತನಗೆ ಸಲ್ಲಬೇಕಾದುದು ಒಬ್ಬ ಬಡ ವಿದ್ಯಾರ್ಥಿಯ ಶುಲ್ಕವಾಗಲಿ, ಒಬ್ಬ ರೋಗಿಯ ಔಷಧವಾಗಲಿ, ಒಂದು ಶಾಲೆಯ ಪುಸ್ತಕಗಳಾಗಲಿ ಎಂದು ಕೇಳಬಹುದು. ಆಗ ಕೊಡುವವನು ಒಬ್ಬನೇ ಇದ್ದರೂ ಪಡೆಯುವವರು ಇಬ್ಬರಾಗುತ್ತಾರೆ. ಕೃತಿಯನ್ನು ಪಡೆದವನು ಒಬ್ಬ, ದಾನವನ್ನು ಪಡೆದವನು ಇನ್ನೊಬ್ಬ.

ಧನವಿರುವವರಿಗೆ ಇನ್ನೊಂದು ಪಾಠ. ಪಂಚಕಲ್ಯಾಣ, ಆರಾಧನೆ, ಜೀರ್ಣೋದ್ಧಾರಗಳಿಗೆ ಉದಾರವಾಗಿ ಕೊಡುವ ಸಮಾಜವು ಶಾಸ್ತ್ರದಾನವನ್ನು ಅನೇಕ ವೇಳೆ ಕೊನೆಗೆ ಉಳಿಸುತ್ತದೆ. ಅತ್ತಿಮಬ್ಬೆ ಬಿಂಬವನ್ನೂ ಪುಸ್ತಕವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಳು. ಮನೆಯಲ್ಲಿ ಮದುವೆಯೋ ವ್ರತದ ಉದ್ಯಾಪನೆಯೋ ನಡೆದಾಗ, ಬಂದವರ ಕೈಗೆ ತೆಂಗಿನಕಾಯಿಯ ಜೊತೆಗೆ ಒಂದು ಪುಸ್ತಕವನ್ನೂ ಕೊಡುವುದು ದೊಡ್ಡ ವೆಚ್ಚವೇನಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗಳಿಗೆ ಅರ್ಘ್ಯವೆತ್ತಿ ಪೂಜಿಸುವ ಕೈ, ಮರುದಿನ ಅವುಗಳಲ್ಲಿ ಒಂದನ್ನಾದರೂ ಓದಲು ಬಲ್ಲವನ ಕೈಗಿತ್ತರೆ ಆ ಪೂಜೆ ಸಾರ್ಥಕವಾಗುತ್ತದೆ.

ಧನವೂ ಇಲ್ಲದ, ವಿದ್ಯೆಯೂ ಇಲ್ಲದವರಿಗೆ ಏನು? ಅವರಿಗೆ ವಜ್ರಜಂಘನ ದಾನವನ್ನು ನೋಡಿ ನಿಂತ ಆ ನಾಲ್ಕು ಪ್ರಾಣಿಗಳಿವೆ. ಇತರರು ಕೊಡುವುದನ್ನು ಕಂಡು ಹೊಟ್ಟೆಕಿಚ್ಚುಪಡದೆ, ಕೊಂಕು ನುಡಿಯದೆ, ಒಳ್ಳೆಯದಾಯಿತೆಂದು ಮನಸಾರೆ ಮೆಚ್ಚುವುದಕ್ಕೆ ಹೊನ್ನು ಬೇಕಿಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ರನ್ನನು ತನ್ನ ಅಷ್ಟೂ ವಿದ್ಯೆಯನ್ನು ಬಳಸಿ ಅಜಿತಪುರಾಣದ ಆದಿಯಲ್ಲಿ ಮಾಡಿದ್ದು ಅದನ್ನೇ. ಒಬ್ಬ ತಾಯಿ ಕೊಟ್ಟುದನ್ನು ಅವನು ಕಂಡನು, ಮೆಚ್ಚಿದನು, ಲೋಕಕ್ಕೆ ಹೇಳಿದನು.